ಎಲ್ಲರ ಕೈಯಲ್ಲೂ ಒಂದೇ ಕೀಲಿ

ಒಂದೇ ಮನೆಯವರಂತೆ ಕೆಲಸ ಮಾಡುವವರ ನಡುವೆ ಬೀಗವೇಕೆ? ನೆಟ್‌ವರ್ಕ್ ನೋಡಿಕೊಳ್ಳುವ ನನ್ನ ಕೆಲಸದಲ್ಲಿ ಈ ಮಾತು ಆಗಾಗ ಬರುತ್ತದೆ. ರೂಟರ್‌ಗೆ ಒಬ್ಬೊಬ್ಬರಿಗೂ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಇರಲಿ ಎಂದರೆ, ‘ನಮ್ಮ ಮೇಲೆ ನಂಬಿಕೆಯಿಲ್ಲವೇ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಮೇಲ್ನೋಟಕ್ಕೆ ಅದು ನ್ಯಾಯವಾದ ಪ್ರಶ್ನೆಯೇ.

ಸರಿಯಾಗಿ ಸಜ್ಜುಗೊಳಿಸಿದ ರೂಟರ್ ಒಳಬರುವವರನ್ನು ಮೂರು ಪ್ರಶ್ನೆ ಕೇಳುತ್ತದೆ. ನೀನು ಯಾರು? ಏನೇನು ಮಾಡಬಹುದು? ಏನು ಮಾಡಿದೆ? ಮೊದಲನೆಯದಕ್ಕೆ ಉತ್ತರ ಹೆಸರು ಮತ್ತು ಪಾಸ್‌ವರ್ಡ್. ಎರಡನೆಯದಕ್ಕೆ ಅಧಿಕಾರದ ಮಟ್ಟ. ಸಿಸ್ಕೋ ರೂಟರ್‌ಗಳಲ್ಲಿ ಇದು 0ಯಿಂದ 15ರವರೆಗೆ ಇದೆ: ಸಾಮಾನ್ಯವಾಗಿ 1ನೇ ಮಟ್ಟದವರು ಕೆಲವು ವಿವರ ನೋಡಬಹುದು, ಸೆಟ್ಟಿಂಗ್ ಬದಲಿಸಲಾರರು, 15ನೇ ಮಟ್ಟದವರಿಗೆ ತಡೆಯೇ ಇಲ್ಲ. ಮೂರನೆಯದಕ್ಕೆ ಉತ್ತರ ದಾಖಲೆ. ಯಾರು, ಯಾವ ಹೊತ್ತಿನಲ್ಲಿ, ಯಾವ ಆಜ್ಞೆ ಕೊಟ್ಟರು ಎಂಬ ಲೆಕ್ಕ. ಎಲ್ಲರೂ ‘ಅಡ್ಮಿನ್’ ಎಂಬ ಒಂದೇ ಹೆಸರಿನಲ್ಲಿ ಒಳಹೊಕ್ಕರೆ ಈ ಮೂರೂ ಪ್ರಶ್ನೆಗಳು ಅರ್ಥ ಕಳೆದುಕೊಳ್ಳುತ್ತವೆ.

ನಾನು ಹಿಂದೆ ಇದ್ದ ಒಂದು ಕಡೆ ಐವರಿಗೂ ಒಂದೇ ಪಾಸ್‌ವರ್ಡ್. ಒಂದು ರಾತ್ರಿ ಯಾರೋ ಸೆಟ್ಟಿಂಗ್ ಬದಲಿಸಿದ್ದರು. ಬೆಳಿಗ್ಗೆ ಇಡೀ ಕಚೇರಿಯ ಸಂಪರ್ಕ ನಿಂತಿತ್ತು. ದಾಖಲೆಯಲ್ಲಿ ಇದ್ದದ್ದು ‘ಅಡ್ಮಿನ್’ ಎಂಬ ಒಂದು ಪದ. ಯಾರೂ ಒಪ್ಪಿಕೊಳ್ಳಲಿಲ್ಲ. ಕೊನೆಗೆ ಎಲ್ಲರ ಕಣ್ಣು ಹೋಗಿ ನಿಂತದ್ದು ಗುತ್ತಿಗೆಯ ಮೇಲೆ ಬಂದಿದ್ದ ಹುಡುಗನ ಮೇಲೆ. ಅವನೇ ಮಾಡಿದ ಎನ್ನಲು ಯಾವ ಆಧಾರವೂ ಇರಲಿಲ್ಲ. ಮಾಡಿಲ್ಲ ಎಂದು ತೋರಿಸಲು ಅವನ ಬಳಿಯೂ ಏನೂ ಇರಲಿಲ್ಲ. ಅವನ ಗುತ್ತಿಗೆ ಮುಂದುವರಿಯಲಿಲ್ಲ.

ಎಲ್ಲರನ್ನೂ ನಂಬಿದ ವ್ಯವಸ್ಥೆ ಎಡವಿದ ಕ್ಷಣದಲ್ಲಿ ಎಲ್ಲರನ್ನೂ ಶಂಕಿಸುತ್ತದೆ. ಆ ಶಂಕೆ ನೀರಿನ ಹಾಗೆ ತಗ್ಗಿಗೇ ಹರಿಯುತ್ತದೆ. ಒಬ್ಬೊಬ್ಬರಿಗೂ ಅವರದೇ ಹೆಸರು ಕೊಡುವುದು ತಪ್ಪಿತಸ್ಥನನ್ನು ಹಿಡಿಯಲು ಮಾತ್ರವಲ್ಲ, ತಪ್ಪು ಮಾಡದವನನ್ನು ಉಳಿಸಲು.

ಹಾಗೆಂದು ದಾಖಲೆ ಇದ್ದಲ್ಲೆಲ್ಲ ನ್ಯಾಯ ಇರುತ್ತದೆ ಎಂದಲ್ಲ. 15ನೇ ಮಟ್ಟದವರು ಇತರರ ಹೆಜ್ಜೆಗಳನ್ನು ಎಣಿಸುತ್ತ ತಮ್ಮ ಹೆಜ್ಜೆಗಳನ್ನು ಮಾತ್ರ ಅಳಿಸಬಲ್ಲವರಾದರೆ ಅದು ಕಾವಲಲ್ಲ, ದರ್ಬಾರು. ಅದಕ್ಕೇ ಬಲ್ಲವರು ದಾಖಲೆಯನ್ನು ರೂಟರಿನಲ್ಲಷ್ಟೇ ಬಿಡದೆ ಬೇರೊಂದು ಸರ್ವರಿಗೂ ಕಳಿಸುತ್ತಾರೆ. ಅದರ ಕೀಲಿಯನ್ನು ಇನ್ನೊಬ್ಬರ ಕೈಗೆ ಕೊಡುತ್ತಾರೆ. ಅಧಿಕಾರ ಹೆಚ್ಚಿದಷ್ಟೂ ಲೆಕ್ಕದ ಪುಸ್ತಕ ದೂರ ಇರಬೇಕು.

ಈಗ ನನ್ನ ಬಳಿ 15ನೇ ಮಟ್ಟದ ಅಧಿಕಾರವಿದೆ. ನಾನು ಮಾಡಿದ್ದರ ಲೆಕ್ಕ ಮಾತ್ರ ನನ್ನ ಕೈಯಲ್ಲಿಲ್ಲ. ಅದು ಅವಮಾನ ಎಂದು ನನಗೆ ಅನ್ನಿಸಿಲ್ಲ. ರಾತ್ರಿ ನೆಮ್ಮದಿಯಾಗಿ ನಿದ್ದೆ ಬರುತ್ತದೆ.