ಹೆಂಜೇರಿನ ಕಂಬ ಯಾರ ಸ್ವತ್ತು?

ಒಂದು ವಸ್ತು ಯಾರದು ಎಂಬ ಪ್ರಶ್ನೆ ಬ್ಯಾಂಕಿನ ಕೌಂಟರಿನ ಹಿಂದೆ ಕೂತವನಿಗೆ ಹೊಸದಲ್ಲ. ತಂದೆ ಇಟ್ಟ ಠೇವಣಿಗೆ ಮೂವರು ಮಕ್ಕಳು ಬರುತ್ತಾರೆ. ಒಬ್ಬನ ಕೈಯಲ್ಲಿ ರಸೀದಿ ಇರುತ್ತದೆ, ಇನ್ನೊಬ್ಬನ ಹೆಸರು ನಾಮಿನಿಯ ಕಾಲಮಿನಲ್ಲಿರುತ್ತದೆ, ಮೂರನೆಯವಳು ಕೊನೆಗಾಲದಲ್ಲಿ ತಂದೆಯನ್ನು ನೋಡಿಕೊಂಡಿರುತ್ತಾಳೆ. ಕಾಗದಪತ್ರ ನೋಡಿ ಅವರ ವ್ಯವಹಾರ ಮುಗಿಸಬಹುದು. ಆದರೆ ಒಡೆಯ ಸತ್ತು ಸಾವಿರ ವರ್ಷವಾಗಿ, ಅವನ ವಂಶವೂ ರಾಜ್ಯವೂ ಅಳಿದು, ವಸ್ತು ಮಾತ್ರ ಉಳಿದಿದ್ದರೆ ಅದು ಯಾರದು? ರಾಯದುರ್ಗದಲ್ಲಿ ಕೂತು ನಾನು ಇದನ್ನು ಕೇಳಿಕೊಳ್ಳುವುದಕ್ಕೆ ನಮ್ಮ ಸೀಮೆಯ ಒಂದು ಹಳ್ಳಿಯೇ ಕಾರಣ.

ಮಡಕಶಿರಾ ಕಡೆಯ ಹೇಮಾವತಿ ಎಂಬ ಆ ಹಳ್ಳಿಯೇ ಶಾಸನಗಳ ಹೆಂಜೇರು. ಎಂಟನೆಯ ಶತಮಾನದಿಂದ ಹನ್ನೊಂದನೆಯ ಶತಮಾನದವರೆಗೆ ನೊಳಂಬವಾಡಿ ಮೂವತ್ತೆರಡು ಸಾಸಿರವನ್ನು ಆಳಿದ ನೊಳಂಬರ ರಾಜಧಾನಿ ಅದು. ಅಲ್ಲಿಯ ದೊಡ್ಡೇಶ್ವರ ಗುಡಿಯ ಕಲ್ಲುಕೆತ್ತನೆಯನ್ನು ನೋಡಿದವರು ಮರೆಯಲಾರರು. ಸಿದ್ಧೇಶ್ವರ ಗುಡಿಯಲ್ಲಿ ಶಿವ ಲಿಂಗರೂಪದಲ್ಲಿಲ್ಲ, ಮನುಷ್ಯರೂಪದಲ್ಲಿ ಕುಳಿತಿದ್ದಾನೆ. ನೊಳಂಬರ ವಂಶಾವಳಿಯನ್ನು ಹೇಳುವ ಕಂಬದ ಶಾಸನ ಸಿಕ್ಕಿದ್ದೂ ಇಲ್ಲಿಯೇ, ಅದು ಕನ್ನಡದಲ್ಲಿದೆ. ಹತ್ತನೆಯ ಶತಮಾನದಲ್ಲಿ ಗಂಗರ ಮಾರಸಿಂಹನು ಇವರನ್ನು ಸೋಲಿಸಿ ‘ನೊಳಂಬಕುಲಾಂತಕ’ ಎಂಬ ಬಿರುದು ಧರಿಸಿದ. ಆಮೇಲೆ ಚೋಳರು ಬಂದರು. ಅವರು ನೆಲವನ್ನಷ್ಟೇ ಗೆಲ್ಲಲಿಲ್ಲ, ಕಂಬಗಳನ್ನೂ ಕಿತ್ತೊಯ್ದರು. ತಂಜಾವೂರಿನ ಹತ್ತಿರದ ತಿರುವೈಯಾರಿನ ದೇವಾಲಯದಲ್ಲಿ ಇಂದಿಗೂ ನಿಂತಿರುವ ಸಾಲುಕಂಬಗಳು ನೊಳಂಬರ ಕೆಲಸವೆಂದು ವಿದ್ವಾಂಸರು ಗುರುತಿಸಿದ್ದಾರೆ. ಉಳಿದ ಶಿಲ್ಪಗಳಲ್ಲಿ ಎಷ್ಟೋ ಬ್ರಿಟಿಷರ ಕಾಲದ ಮದರಾಸಿನ ಮ್ಯೂಸಿಯಂ ಸೇರಿದವು. ಆಗ ಅನಂತಪುರ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿತ್ತು. ಆ ಶಿಲ್ಪಗಳ ಮೇಲೆ ಸಿ. ಶಿವರಾಮಮೂರ್ತಿಯವರು 1964ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ.

ಗೆದ್ದವನು ಸೋತವನ ಕಲ್ಲನ್ನು ಹೊತ್ತೊಯ್ಯುವ ಈ ಪದ್ಧತಿ ಚೋಳರಿಂದ ಶುರುವಾದದ್ದಲ್ಲ. ಅವರಿಗಿಂತ ಎರಡು ಸಾವಿರ ವರ್ಷಕ್ಕೂ ಹಿಂದೆ, ಈಗಿನ ಇರಾಕಿನಲ್ಲಿ, ಯೂಫ್ರಟೀಸ್ ನದಿಯ ದಡದ ಸಿಪ್ಪರ್ ಎಂಬ ಪಟ್ಟಣದಲ್ಲಿ ಇದೇ ನಡೆಯಿತು. ಅಕ್ಕಾಡ್ ಸಾಮ್ರಾಜ್ಯದ ನರಾಮ್-ಸಿನ್ ದೊರೆಯ ವಿಜಯದ ಕಲ್ಲು ಅಲ್ಲಿತ್ತು. ಅದಕ್ಕಿಂತ ಸುಮಾರು ಐನೂರು ವರ್ಷ ಈಚಿನ ಬ್ಯಾಬಿಲೋನಿನ ಹಮ್ಮುರಾಬಿ, ತನ್ನ ಕಟ್ಟಳೆಗಳನ್ನೆಲ್ಲ ಕೆತ್ತಿಸಿದ, ಏಳು ಅಡಿಗೂ ಎತ್ತರದ ಕರಿಕಲ್ಲು ಇನ್ನೊಂದು. ಕ್ರಿಸ್ತಪೂರ್ವ ಹನ್ನೆರಡನೆಯ ಶತಮಾನದಲ್ಲಿ ಪೂರ್ವದ ಏಲಂ ರಾಜ್ಯದ ಶುತ್ರುಕ್-ನಹ್ಹುಂತೆ ಎಂಬ ದೊರೆ ದಂಡೆತ್ತಿ ಬಂದು ಎರಡನ್ನೂ ತನ್ನ ರಾಜಧಾನಿ ಸೂಸಾಕ್ಕೆ ಸಾಗಿಸಿದ. ನರಾಮ್-ಸಿನ್ನನ ಕಲ್ಲಿನ ಮೇಲೆ, ಇದನ್ನು ತಂದವನು ನಾನು ಎಂದು ತನ್ನ ಭಾಷೆಯಲ್ಲಿ ಬರೆಸಿದ. ಹಮ್ಮುರಾಬಿಯ ಕಲ್ಲಿನಲ್ಲಿ ಕೆಳಗಡೆಯ ಹಲವು ಸಾಲುಗಳನ್ನು ಉಜ್ಜಿ ಅಳಿಸಲಾಗಿದೆ, ಆ ಜಾಗದಲ್ಲಿ ಬೇರೇನನ್ನೂ ಕೆತ್ತಿಲ್ಲ. ಸೂಸಾ ಹಾಳಾಗಿ ಮಣ್ಣಿನಡಿ ಹೋಯಿತು. ಫ್ರೆಂಚರು ಅಗೆದಾಗ ಮೊದಲನೆಯ ಕಲ್ಲು 1898ರಲ್ಲಿ, ಎರಡನೆಯದು 1901-02ರಲ್ಲಿ ಹೊರಬಂದವು. ಎರಡೂ ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿವೆ. ಕೆತ್ತಿದ ನೆಲ ಇಂದಿನ ಇರಾಕ್, ಸಿಕ್ಕಿದ ನೆಲ ಇರಾನ್, ಇಟ್ಟುಕೊಂಡವರು ಫ್ರೆಂಚರು. ನಮ್ಮ ಕಂಬಗಳ ಕತೆಯೂ ಹೀಗೆಯೇ. ಕೆತ್ತಿಸಿದವರು ಕನ್ನಡದಲ್ಲಿ ಶಾಸನ ಬರೆಸಿದ ಅರಸರು, ಆ ನೆಲ ಇಂದು ಆಂಧ್ರದಲ್ಲಿ, ಕಂಬಗಳು ತಮಿಳುನಾಡಿನಲ್ಲಿ.

ಇದನ್ನು ಕೇಳಿದ ಕನ್ನಡಿಗನಿಗೆ ಚೋಳರ ಮೇಲೆ ಸಿಟ್ಟು ಬರುವುದು ಸಹಜ. ಚೋಳ ರಾಜಾಧಿರಾಜನು ಚಾಲುಕ್ಯರ ಕಲ್ಯಾಣವನ್ನು ಸುಟ್ಟು, ಅಲ್ಲಿಂದ ತಂದ ದ್ವಾರಪಾಲಕನ ಮೂರ್ತಿಯ ಮೇಲೆ ಹಾಗೆಂದು ತಮಿಳಿನಲ್ಲಿ ಬರೆಸಿದ್ದು ನೆನಪಾದರೆ ಸಿಟ್ಟು ಇನ್ನಷ್ಟು ಏರೀತು. ಆದರೆ ನಮ್ಮ ರಾಯರೇನು ಮಾಡಿದರು? ಕೃಷ್ಣದೇವರಾಯನು ಗಜಪತಿಗಳಿಂದ ಉದಯಗಿರಿ ಕೋಟೆಯನ್ನು ಗೆದ್ದು, ಅಲ್ಲಿಯ ಬಾಲಕೃಷ್ಣನ ವಿಗ್ರಹವನ್ನು ಹಂಪಿಗೆ ತಂದು 1515ರಲ್ಲಿ ಪ್ರತಿಷ್ಠಾಪಿಸಿದ. ಆ ಗುಡಿಯನ್ನು ನಾವು ಹೆಮ್ಮೆಯಿಂದ ನೆಂಟರಿಗೆ ತೋರಿಸುತ್ತೇವೆ. ಆ ಭಿನ್ನ ವಿಗ್ರಹವೂ ಈಗ ಚೆನ್ನೈನ ಮ್ಯೂಸಿಯಮ್ಮಿನಲ್ಲಿದೆ! ಅವರು ಒಯ್ದರೆ ಲೂಟಿ, ನಮ್ಮವರು ತಂದರೆ ಭಕ್ತಿ ಎನ್ನುವುದು ನ್ಯಾಯದ ಮಾತಲ್ಲ. ಗೆದ್ದೆತ್ತಿನ ಬಾಲ ಹಿಡಿಯುವುದು ಸುಲಭ, ಆದರೆ ಗೆಲುವು ಒಡೆತನವನ್ನು ಕೊಡುವುದಿಲ್ಲ.

ಹಾಗಾದರೆ ಓದಬಲ್ಲವನದೇ? ಉಳುವವನೇ ಹೊಲದೊಡೆಯ ಎಂಬ ಮಾತನ್ನು ಕರ್ನಾಟಕದಲ್ಲೂ ಕೇಳಿದ್ದೇವೆ, ಅದರ ಅರ್ಥವನ್ನು ಕೇರಳದಲ್ಲೂ ಕಂಡಿದ್ದೇವೆ. ಅದೇ ರೀತಿ, ಓದುವವನೇ ಶಾಸನದೊಡೆಯ ಎನ್ನಬಹುದೇ? ಬಾಣದ ತುದಿಯಂಥ ಅಕ್ಷರಗಳ ಆ ಮೆಸೊಪೊಟೇಮಿಯದ ಲಿಪಿ ಎರಡು ಸಾವಿರ ವರ್ಷದ ಹತ್ತಿರ ಯಾರಿಗೂ ಓದಲಾಗದೆ ಬಿದ್ದಿತ್ತು. 1857ರಲ್ಲಿ ಲಂಡನ್ನಿನಲ್ಲಿ ನಾಲ್ವರು ವಿದ್ವಾಂಸರು ಒಂದೇ ಶಾಸನವನ್ನು ಬೇರೆ ಬೇರೆಯಾಗಿ ಓದಿ, ಹೆಚ್ಚುಕಡಿಮೆ ಒಂದೇ ಅರ್ಥ ಕೊಟ್ಟ ಮೇಲೆ ಲೋಕ ಅದನ್ನು ನಂಬಿತು. ಅವರಿಗೆ ನಮ್ಮ ನಮಸ್ಕಾರ. ಆದರೆ ಅಜ್ಜನ ಪತ್ರವನ್ನು ಓದಿಹೇಳಿದ ಅಂಚೆಯವನಿಗೆ ಅಜ್ಜನ ಮನೆ ಸಲ್ಲುವುದಿಲ್ಲ.

ಕಾಪಾಡಿದವನದು ಎನ್ನುವವರೂ ಇದ್ದಾರೆ. ಅವರ ವಾದ ಹಗುರವಾದದ್ದಲ್ಲ. 2003ರ ಏಪ್ರಿಲಿನಲ್ಲಿ ಬಾಗ್ದಾದಿನ ಮ್ಯೂಸಿಯಂ ಲೂಟಿಯಾಗಿ ಸುಮಾರು 15,000 ವಸ್ತುಗಳು ಹೋದವು. 2015ರಲ್ಲಿ ಮೋಸೂಲಿನ ಮ್ಯೂಸಿಯಮ್ಮಿನಲ್ಲಿ ಮೂರ್ತಿಗಳನ್ನು ಸುತ್ತಿಗೆಯಿಂದ ಒಡೆದರು. ಲಂಡನ್ನಿಗೋ ಪ್ಯಾರಿಸ್ಸಿಗೋ ಹೋದವು ಉಳಿದುಕೊಂಡವು. ನಿಜ. ಆದರೆ ಲಾಕರಿನಲ್ಲಿಟ್ಟ ಒಡವೆಯನ್ನು ಬ್ಯಾಂಕು ಎಷ್ಟು ವರ್ಷ ಕಾದರೂ ಒಡವೆ ಬ್ಯಾಂಕಿನದಾಗುವುದಿಲ್ಲ. ಬಾಡಿಗೆ ಸಲ್ಲಬೇಕು, ಕೃತಜ್ಞತೆಯೂ ಸಲ್ಲಬೇಕು, ಒಡೆತನ ಸಲ್ಲದು. ಇನ್ನೊಂದು ಮಾತನ್ನೂ ನೆನೆಯಬೇಕು. ಬಾಗ್ದಾದಿನಲ್ಲಿ ಕಳುವಾಗಿದ್ದ, ಐದು ಸಾವಿರ ವರ್ಷ ಹಳೆಯ ವಾರ್ಕಾ ಹೂದಾನಿಯನ್ನು ಅದೇ ಜೂನಿನಲ್ಲಿ ಮೂವರು ಕಾರಿನಲ್ಲಿ ತಂದು ಮ್ಯೂಸಿಯಮ್ಮಿಗೆ ಒಪ್ಪಿಸಿದರು. ಮನೆಯ ವಸ್ತು ಮನೆಗೆ ಮರಳುವುದೂ ಉಂಟು.

ಉಳಿದದ್ದು ನಮ್ಮ ಮನಸ್ಸಿಗೆ ಹತ್ತಿರವಾದ ಉತ್ತರ: ಭಾಷೆ ಯಾರದೋ ಕಲ್ಲು ಅವರದು. ಗಡಿಯಲ್ಲಿ ಬದುಕುವ ನಮಗೆ ಈ ಮಾತು ಹಿತವಾಗಿ ಕೇಳುತ್ತದೆ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ರಾಯದುರ್ಗ ಆಂಧ್ರಕ್ಕೆ ಬಂತು, 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಹೇಮಾವತಿಯಾದರೋ 2022ರಲ್ಲಿ ಅನಂತಪುರ ಜಿಲ್ಲೆಯನ್ನೂ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಜಿಲ್ಲೆ ಬದಲಾದರೂ ಕಲ್ಲಿನ ಕನ್ನಡ ಬದಲಾಗಲಿಲ್ಲವಲ್ಲ ಎಂದು ನಾವು ಸಮಾಧಾನ ಪಡುತ್ತೇವೆ. ಆದರೆ ಈ ಉತ್ತರವೂ ನಿಲ್ಲುವುದಿಲ್ಲ. ಇರಾಕಿನವರು ಇಂದು ಆಡುವುದು ಅರಬ್ಬಿ, ಹಮ್ಮುರಾಬಿಯ ಭಾಷೆಯಲ್ಲ. ಹಾಗೆಂದು ಆ ಕಲ್ಲು ಅವರಿಗೆ ಸಂಬಂಧಿಸಿದ್ದಲ್ಲ ಎನ್ನಲಾದೀತೇ? ಹೇಮಾವತಿಯ ಶಾಸನದ ಲಿಪಿಯನ್ನೇ ನೋಡಿ. ಇಂದಿನ ಕನ್ನಡ ಲಿಪಿಗೂ ತೆಲುಗು ಲಿಪಿಗೂ ಆ ಕಾಲದ ಅಕ್ಷರವೇ ತಾಯಿ. ನನ್ನ ಮಗಳು ಶಾಲೆಯಲ್ಲಿ ತೆಲುಗು ಓದುತ್ತಾಳೆ, ಸಂಜೆ ಮನೆಯಲ್ಲಿ ಕನ್ನಡ ಕಲಿಯುತ್ತಾಳೆ. ಆ ಕಲ್ಲಿನ ಮುಂದೆ ನಿಲ್ಲಿಸಿದರೆ ಅವಳಿಗೂ, ಪಕ್ಕದ ಮನೆಯ ತೆಲುಗು ಹುಡುಗನಿಗೂ ಅಕ್ಷರ ಅಷ್ಟೇ ದೂರ, ಅಷ್ಟೇ ಹತ್ತಿರ.

ಆದ್ದರಿಂದ ನನ್ನ ಕಸುಬಿನ ಒಂದು ಮಾತಿಗೆ ಮರಳುತ್ತೇನೆ. ನಾಮಿನಿ ಎಂದರೆ ಒಡೆಯ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಅವನು ಹಣವನ್ನು ಕೈಗೆ ತೆಗೆದುಕೊಳ್ಳಬಹುದು, ಆದರೆ ವಾರಸುದಾರರ ಪರವಾಗಿ ಹಿಡಿದಿರುವವನು ಮಾತ್ರ. ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆದರೂ ನಿಜವಾದ ಹಕ್ಕುದಾರ ಬಂದು ರುಜುವಾತು ಕೊಟ್ಟರೆ ಅವನಿಗೆ ಸಲ್ಲಲೇಬೇಕು. ಕಾಲ ಕಳೆದ ಮಾತ್ರಕ್ಕೆ ಕೇಳುವ ಹಕ್ಕು ಸಾಯುವುದಿಲ್ಲ. ಹಳೆಯ ಕಲ್ಲುಗಳ ವಿಷಯದಲ್ಲಿ ನಾವೆಲ್ಲರೂ ನಾಮಿನಿಗಳು: ತಿರುವೈಯಾರಿನ ಅರ್ಚಕರು, ಚೆನ್ನೈನ ಮ್ಯೂಸಿಯಂ, ಹೇಮಾವತಿಯ ರೈತ, ಕನ್ನಡ ಬಲ್ಲ ನಾನು, ನೀವು. ವಾರಸುದಾರರು ಇನ್ನೂ ಹುಟ್ಟಬೇಕಾದವರು. ಅವರು ಬಂದು ಕೇಳಿದಾಗ ಕಲ್ಲು ಅಳಿಯದೆ ಇರಬೇಕು, ಎಲ್ಲಿಂದ ಬಂತೆಂದು ಬರೆದಿರಬೇಕು, ಹತ್ತಿರ ಹೋಗಲು ದಾರಿಯಿರಬೇಕು, ಓದಿಹೇಳುವವರು ಒಬ್ಬರಾದರೂ ಇರಬೇಕು. ಇಷ್ಟನ್ನು ನಡೆಸಿಕೊಡುವವನ ಹತ್ತಿರ ಕಲ್ಲು ಇರಲಿ. ನಡೆಸಿಕೊಡದವನು ಯಾವ ಭಾಷೆಯವನಾದರೂ ಅವನ ಹಕ್ಕು ದುರ್ಬಲ.

ಹಮ್ಮುರಾಬಿಯ ಕಲ್ಲಿನ ಕೊನೆಯಲ್ಲಿ ಎರಡು ಮಾತುಗಳಿವೆ. ಅನ್ಯಾಯಕ್ಕೊಳಗಾದವನು ಬಂದು ಇದನ್ನು ಓದಿಸಿ ಕೇಳಲಿ ಎಂಬುದು ಒಂದು, ಇದನ್ನು ಅಳಿಸಿದವನಿಗೆ ದೇವತೆಗಳ ಶಾಪ ಎಂಬುದು ಇನ್ನೊಂದು. ನಮ್ಮ ಶಾಸನಗಳೂ ಇದನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರುತ್ತದೆಂದು ಮುಗಿಯುತ್ತವೆ. ಅಷ್ಟು ದೂರದ ಎರಡು ನಾಡುಗಳ ಜನ ಹೆದರಿದ್ದು ಒಂದಕ್ಕೇ. ಕಲ್ಲನ್ನು ಯಾರು ಒಯ್ದಾರೋ ಎಂಬುದಕ್ಕಿಂತ, ಅದರ ಮಾತು ಅಳಿದುಹೋದೀತೆಂಬ ಹೆದರಿಕೆ ಅದು. ಸುತ್ತಿಗೆ ಹಿಡಿಯದೆಯೂ ಅಳಿಸಬಹುದು, ಮಕ್ಕಳಿಗೆ ಓದಲು ಕಲಿಸದಿದ್ದರೆ ಸಾಕು.

ಕಾಸರಗೋಡಿನ ಬಂಧುಗಳಿಗೆ ಬೇಕಲ ಕೋಟೆ ಹತ್ತಿರವಿದೆ. ಕಟ್ಟಿಸಿದವರು ಇಕ್ಕೇರಿಯ ನಾಯಕರು, ಅದಿರುವುದು ಕೇರಳದಲ್ಲಿ. ನಿಮ್ಮೂರಿನ ಗುಡಿಯ ಅಂಗಳದಲ್ಲೋ ಗದ್ದೆಯ ಬದುವಿನಲ್ಲೋ ಒಂದು ಶಾಸನದ ಕಲ್ಲೂ ಇದ್ದೀತು. ಮುಂದಿನ ರಜೆಯಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ನೆರೆಮನೆಯ ಮಲಯಾಳದ ಮಕ್ಕಳೂ ಜೊತೆಗೆ ಬರಲಿ. ಅದರಲ್ಲಿ ಏನು ಬರೆದಿದೆಯೆಂದು ಬಲ್ಲವರನ್ನು ಕೇಳಿ ತಿಳಿದು, ಇಬ್ಬರಿಗೂ ಅವರವರ ಭಾಷೆಯಲ್ಲಿ ಹೇಳಿ.