ತಿರುವಿನ ತೂಕ

ಬೆಳಗಿನ ಕಾಫಿ ಲೋಟ ಹಿಡಿದು ಕಿಟಕಿ ಪಕ್ಕ ಸುಮ್ಮನೆ ಕೂತ ಮನುಷ್ಯ ಎಷ್ಟು ವೇಗದಲ್ಲಿ ಹೋಗುತ್ತಿದ್ದಾನೆ? ಬೆಂಗಳೂರಿನಲ್ಲಿ ಕೂತಿದ್ದರೆ, ಭೂಮಿ ತಿರುಗುವ ಲೆಕ್ಕದಲ್ಲಿ ಗಂಟೆಗೆ ಸುಮಾರು 1,600 ಕಿ.ಮೀ. ನಾನಿರುವ ವಾಷಿಂಗ್ಟನ್ ಕಡೆ ಕೂತಿದ್ದರೆ ಸುಮಾರು 1,300. ಅಮೆರಿಕಕ್ಕೆ ಬಂದ ಮೇಲೆ ಬದುಕಿನ ಓಟ ಜಾಸ್ತಿಯಾಯಿತು ಎಂದು ಕೊರಗುವ ಸ್ನೇಹಿತರಿಗೆ ಈ ಲೆಕ್ಕ ಒಪ್ಪಿಸುತ್ತಿರುತ್ತೇನೆ: ನಾವೆಲ್ಲ ಗಂಟೆಗೆ 300 ಕಿ.ಮೀ. ನಿಧಾನವಾಗಿದ್ದೇವೆ ಕಣ್ರೀ! ಇದರ ಮೇಲೆ ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿ.ಮೀ.ಯಂತೆ ಓಡುತ್ತಿದೆ. ಇಷ್ಟೆಲ್ಲ ಆದರೂ ಲೋಟದಲ್ಲಿನ ನೊರೆ ಅಲುಗುವುದಿಲ್ಲ.

ವೇಗ ಎಷ್ಟೇ ಇರಲಿ, ಒಂದೇ ಸಮನಾಗಿದ್ದರೆ ದೇಹಕ್ಕೆ ಅದರ ಸುದ್ದಿ ಮುಟ್ಟುವುದಿಲ್ಲ. ವೇಗ ಏರಿದಾಗ, ಇಳಿದಾಗ, ದಿಕ್ಕು ತಿರುಗಿದಾಗ ಮುಟ್ಟುತ್ತದೆ. ಬಸ್ಸು ಗಕ್ಕನೆ ಬ್ರೇಕ್ ಹಾಕಿದಾಗ ಮುಗ್ಗರಿಸುವುದು, ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಪಕ್ಕದವರ ಮೇಲೆ ವಾಲುವುದು ಇದರಿಂದಲೇ. ಇದನ್ನು ಅಳೆಯುವ ಮಾನ ‘ಜಿ’. ನೆಲದ ಮೇಲೆ ನಿಂತವರಿಗೆ ಅನ್ನಿಸುವ ತಮ್ಮ ತೂಕ ಒಂದು ಜಿ. ತಿರುವಿನಲ್ಲಿ ಎರಡು ಜಿ ಬಿದ್ದರೆ 60 ಕೆ.ಜಿ.ಯ ಮನುಷ್ಯ 120 ಕೆ.ಜಿ.ಯವನಾಗುತ್ತಾನೆ.

ಈ ವಿಚಾರ ತಲೆಗೆ ಹೊಕ್ಕಿದ್ದು ಮನೆಯ ಹುಡುಗರು ಆಡುವ ಬಾಹ್ಯಾಕಾಶದ ವಿಡಿಯೊ ಗೇಮ್‌ಗಳಿಂದ. ಅವುಗಳಲ್ಲಿ ನೌಕೆಗಳು ಗಿರ್ರನೆ ತಿರುಗುತ್ತವೆ, ಬಾಣದಂತೆ ಹೊರಟು ಇದ್ದಲ್ಲೇ ನಿಲ್ಲುತ್ತವೆ. ಒಮ್ಮೆ ಸುಮ್ಮನಿರಲಾರದೆ ಲೆಕ್ಕ ಹಾಕಿದೆ. ಸೆಕೆಂಡಿಗೆ ಒಂದು ಕಿ.ಮೀ. ವೇಗದ ನೌಕೆ 10 ಕಿ.ಮೀ. ತ್ರಿಜ್ಯದ ವೃತ್ತದಲ್ಲಿ ತಿರುಗಿದರೆ ಒಳಗಿನವರ ಮೇಲೆ ಸುಮಾರು 10 ಜಿ. ಆಟದ ಹುಡುಗರಿಗೆ ಅಷ್ಟು ದೊಡ್ಡ ತಿರುವೆಂದರೆ ಆಕಳಿಕೆ. ತ್ರಿಜ್ಯವನ್ನು ಒಂದು ಕಿ.ಮೀ.ಗೆ ಬಿಗಿ ಮಾಡಿದರೆ 100 ಜಿ. ಅಂದರೆ 60 ಕೆ.ಜಿ.ಯ ನಾಯಕ ಆರು ಟನ್. ಅವನು ಬದುಕಿ ಉಳಿಯುವ ಮಾತೇ ಇಲ್ಲ. ಬಹುಪಾಲು ಆಟಗಳು ಈ ಲೆಕ್ಕದ ಗೋಜಿಗೆ ಹೋಗುವುದಿಲ್ಲ. ಹೋದವೂ ‘ಸ್ಟಾರ್ ಟ್ರೆಕ್’ ಧಾರಾವಾಹಿಯಲ್ಲಿರುವಂಥ, ಜಡತ್ವವನ್ನು ನುಂಗಿ ನೀರು ಕುಡಿಯುವ ಒಂದು ಯಂತ್ರ ಹಡಗಿನಲ್ಲಿದೆ ಎಂದು ಹೇಳಿ ಪಾರಾಗುತ್ತವೆ.

ಕೆಲವು ಆಟಗಳು ಹಾಗೆ ನುಣುಚಿಕೊಂಡಿಲ್ಲ. ‘ಎಲೀಟ್ ಡೇಂಜರಸ್’, ‘ಸ್ಟಾರ್ ಸಿಟಿಜನ್’ಗಳಲ್ಲಿ ಬಹಳ ಬಿಗಿಯಾಗಿ ತಿರುಗಿಸಿದರೆ ತೆರೆಯ ಅಂಚು ಮಂಕಾಗಿ, ಕಪ್ಪಾಗಿ, ಕತ್ತಲು ನಡುವಿನತ್ತ ಒತ್ತಿಕೊಂಡು ಬರುತ್ತದೆ. ಬಲ ಉಲ್ಟಾ ಬಿದ್ದು ರಕ್ತ ತಲೆಗೆ ನುಗ್ಗುವಂತಾದರೆ ಕೆಂಪು ಕವಿಯುತ್ತದೆ. ‘ಕೆರ್ಬಲ್ ಸ್ಪೇಸ್ ಪ್ರೋಗ್ರಾಂ’ನಲ್ಲಿ ಹಸಿರು ಮೈಯ ಪುಟ್ಟ ಗಗನಯಾತ್ರಿಗಳು ಎಚ್ಚರ ತಪ್ಪುತ್ತಾರೆ, ಅವರು ಸುಧಾರಿಸಿಕೊಳ್ಳುವ ತನಕ ರಾಕೆಟ್ ಯಾರ ಮಾತನ್ನೂ ಕೇಳುವುದಿಲ್ಲ.

ಅಂಚಿನಿಂದ ಕತ್ತಲಾಗುವುದು ಚಿತ್ರ ಬಿಡಿಸಿದವರ ಅಲಂಕಾರವೆಂದು ಯಾರಾದರೂ ಅಂದುಕೊಂಡಾರು. ಕಣ್ಣು ನಿಜವಾಗಿಯೂ ಹಾಗೇ ನಂದುತ್ತದೆ. ಕೂತವನ ಹೃದಯದಿಂದ ಮಿದುಳಿಗೆ ಸುಮಾರು ಒಂದು ಅಡಿ ಏರು. ಆ ಏರು ಹತ್ತಲು ರಕ್ತ, ಪ್ರತಿ ಒಂದು ಜಿಗೆ, ಪಾದರಸದ 22ರಿಂದ 25 ಮಿಲಿಮೀಟರ್ ಒತ್ತಡವನ್ನು ಖರ್ಚು ಮಾಡುತ್ತದೆ. ಹೃದಯದ ಮಟ್ಟದಲ್ಲಿ ಸರಾಸರಿ ಇರುವುದೇ ಸುಮಾರು 100. ನಾಲ್ಕೈದು ಜಿ ಬಿದ್ದರೆ ಗಂಟು ಖಾಲಿ. ಏಳೆಂಟು ಜಿ ಹೊತ್ತಿಗೆ ರಕ್ತ ಕಬ್ಬಿಣದಷ್ಟು ಭಾರ. ಕಣ್ಣುಗುಡ್ಡೆಯ ಒಳಗೆ ಅದರದೇ ಒಂದಷ್ಟು ಒತ್ತಡ ಇರುವುದರಿಂದ ಮಿದುಳಿಗಿಂತ ಮೊದಲು ಕಣ್ಣಿಗೆ ರಕ್ತ ನಿಲ್ಲುತ್ತದೆ. ಬಣ್ಣ ಮಾಸುತ್ತದೆ, ಬದಿಯ ನೋಟ ಹೋಗುತ್ತದೆ, ನಡುವಿನ ಒಂದು ಬೆಳಕಿಂಡಿ ಉಳಿದು ಅದೂ ಮುಚ್ಚುತ್ತದೆ. ಆಗಲೂ ಕಿವಿ ಕೇಳುತ್ತಿರುತ್ತದೆ, ಬುದ್ಧಿ ನೆಟ್ಟಗಿರುತ್ತದೆ.

ಹಾಸಿಗೆಯಿಂದ ದಡಕ್ಕನೆ ಎದ್ದಾಗ ಬವಳಿ ಬಂದು ಕಣ್ಣು ಕತ್ತಲಾಗುವುದೂ ಇದೇ ಕುಲದ್ದು. ರಕ್ತ ಕಾಲಿಗಿಳಿದು, ಆ ಒಂದಡಿ ಏರು ಹತ್ತಲು ಅರೆಕ್ಷಣ ತಡವಾಗುತ್ತದೆ. ಬಲಮಗ್ಗುಲಿಗೆ ಹೊರಳಿ, ಎದ್ದು ಕೂತು, ಅಂಗೈ ನೋಡಿಕೊಂಡು ಆಮೇಲೆ ನೆಲಕ್ಕೆ ಕಾಲಿಡು ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರು. ಅವರಿಗೆ ರಕ್ತದೊತ್ತಡದ ವಿಜ್ಞಾನ ಗೊತ್ತಿತ್ತೆಂದು ಸಾಧಿಸುವ ಚಟ ನನಗಿಲ್ಲ. ಆದರೂ ಅಂಗೈ ನೋಡುತ್ತ ಕೂತ ಆ ಹೊತ್ತಿನಲ್ಲಿ ರಕ್ತನಾಳಗಳು ಸಜ್ಜಾಗುತ್ತವೆ ಎನ್ನುವುದು ಸುಳ್ಳಲ್ಲ.

ವಾಷಿಂಗ್ಟನ್‌ನಿಂದ ದಕ್ಷಿಣಕ್ಕೆ, ರಿಚ್ಮಂಡ್ ತಲುಪುವ ಮೊದಲು ಡಾಸ್‌ವೆಲ್ ಎಂಬ ಊರು ಸಿಗುತ್ತದೆ. ಅಲ್ಲಿನ ಕಿಂಗ್ಸ್ ಡೊಮಿನಿಯನ್ ಪಾರ್ಕಿನಲ್ಲಿ 2010ರಲ್ಲಿ ‘ಇಂಟಿಮಿಡೇಟರ್ 305’ ಎಂಬ ರೋಲರ್ ಕೋಸ್ಟರ್ ಶುರುವಾಯಿತು. 305 ಅಡಿ ಎತ್ತರದಿಂದ ಧುಮುಕಿ, ನೆಲದ ಹತ್ತಿರ ಬಲಕ್ಕೆ ಒಂದು ಉದ್ದನೆಯ ತಿರುವು. ಆ ತಿರುವಿನಲ್ಲಿ ಸವಾರರ ಕಣ್ಣಿಗೆ ಕತ್ತಲು ಕವಿಯತೊಡಗಿತು. ಮೊದಲು ಬ್ರೇಕ್ ಹಾಕಿ ವೇಗ ತಗ್ಗಿಸಿದರು. ಸಾಲದೆ, 2011ರ ಹೊತ್ತಿಗೆ ಹಳಿಯನ್ನೇ ಬಿಚ್ಚಿ ತಿರುವನ್ನು ಅಗಲ ಮಾಡಿದರು. ಕಾಗದದ ಮೇಲಿನ ಉಕ್ಕಿನ ಲೆಕ್ಕ ಸರಿಯಾಗಿಯೇ ಇತ್ತು. ಟಿಕೆಟ್ ಕೊಂಡು ಬಂದವರ ಮೈ ಒಪ್ಪಲಿಲ್ಲ.

ಯುದ್ಧವಿಮಾನದವರಿಗೆ ತಿರುವನ್ನು ಅಗಲ ಮಾಡಿಕೊಡುವವರಿಲ್ಲ. ಅಟ್ಲಾಂಟಾ ಪಕ್ಕದ ಮರಿಯೆಟ್ಟಾದ ಕಾರ್ಖಾನೆಯಲ್ಲಿ 2011ರವರೆಗೆ ಜೋಡಣೆಯಾದ ಎಫ್-22, ಸೌತ್ ಕ್ಯಾರೊಲಿನಾದ ಸಮ್ಟರ್ ಹತ್ತಿರದ ಶಾ ವಾಯುನೆಲೆಯಿಂದ ಹಾರುವ ಎಫ್-16, ಎರಡೂ 9 ಜಿವರೆಗೆ ತಿರುಗಬಲ್ಲವು. ಎಫ್-16ರಲ್ಲಿ ಆಸನವನ್ನು 30 ಡಿಗ್ರಿ ಹಿಂದಕ್ಕೆ ಒರಗಿಸಿರುವುದು ಆ ಒಂದಡಿ ಏರನ್ನು ಒಂದಿಷ್ಟು ತಗ್ಗಿಸಲಿಕ್ಕೆ. ಹೊಟ್ಟೆ, ತೊಡೆ, ಮೀನಖಂಡಗಳನ್ನು ಗಾಳಿಯಿಂದ ಒತ್ತಿ ಹಿಡಿಯುವ ಜಿ-ಸೂಟ್ ಒಂದು ಅಥವಾ ಒಂದೂವರೆ ಜಿಯಷ್ಟು ಕೈಹಿಡಿಯುತ್ತದೆ. ಮಿಕ್ಕಿದ್ದು ಪೈಲಟ್‌ನ ಮೈಯಿಂದಲೇ ಬರಬೇಕು. ಯಶವಂತಪುರದ ಎಪಿಎಂಸಿ ಯಾರ್ಡಿನ ಹಮಾಲರು ಈರುಳ್ಳಿ ಮೂಟೆ ಬೆನ್ನಿಗೇರಿಸುವ ಮುನ್ನ ಹೊಟ್ಟೆ ಬಿಗಿದು, ಉಸಿರು ಕಟ್ಟಿ ‘ಹೂಂ’ ಎನ್ನುತ್ತಾರಲ್ಲ, ಅದೇ ವರಸೆ. ಕಾಲು, ಹೊಟ್ಟೆ ಬಿಗಿದಿರಬೇಕು. ಸುಮಾರು ಮೂರು ಸೆಕೆಂಡಿಗೊಮ್ಮೆ ಗಬಕ್ಕನೆ ಉಸಿರು ಬದಲಿಸಬೇಕು. ಅದರ ನಡುವೆ ವಿಮಾನವನ್ನೂ ನಡೆಸಬೇಕು.

2007ರ ಏಪ್ರಿಲ್ 21. ಸೌತ್ ಕ್ಯಾರೊಲಿನಾದ ಬ್ಯೂಫೋರ್ಟ್‌ನಲ್ಲಿ ಅಮೆರಿಕ ನೌಕಾಪಡೆಯ ‘ಬ್ಲೂ ಏಂಜೆಲ್ಸ್’ ತಂಡದ ಪ್ರದರ್ಶನ. ಈ ತಂಡದವರು ಜಿ-ಸೂಟ್ ತೊಡುವುದಿಲ್ಲ. ಅದಕ್ಕೆ ಕಾರಣವಿದೆ: ವಿಮಾನಗಳು ರೆಕ್ಕೆಗೆ ರೆಕ್ಕೆ ತಾಗುವಷ್ಟು ಹತ್ತಿರ ಹಾರುವಾಗ ಕೈ ಕೂದಲೆಳೆಯಷ್ಟೂ ನಡುಗಬಾರದೆಂದು ಮುಂಗೈಯನ್ನು ತೊಡೆಯ ಮೇಲೆ ಊರಿ, ಬಿಗಿ ಸ್ಪ್ರಿಂಗ್ ಕಟ್ಟಿದ ಸ್ಟಿಕ್ಕನ್ನು ಹಿಡಿದಿರುತ್ತಾರೆ. ಸೂಟ್ ಉಬ್ಬಿದರೆ ತೊಡೆ ಎದ್ದು ಕೈ ಕದಲುತ್ತದೆ. ಆದ್ದರಿಂದ ಬರೀ ಮೈಬಲದ ಮೇಲೆ ಹಾರಾಟ. ಪ್ರದರ್ಶನ ಮುಗಿಯುತ್ತ ಬಂದಿತ್ತು. ಇಳಿಯುವ ಮುನ್ನ ಜೊತೆಯವರನ್ನು ಕೂಡಿಕೊಳ್ಳಲು ಆರನೇ ನಂಬರಿನ ಹಾರ್ನೆಟ್ ವಿಮಾನ ಬಿಗಿಯಾಗಿ ತಿರುಗಿತು, ಮತ್ತೆ ಸರಿಯಾಗಿ ಮೇಲೇಳದೆ ನೆಲಕ್ಕೆ ಬಿತ್ತು. ಅದರಲ್ಲಿದ್ದವರು 32 ವರ್ಷದ ಲೆಫ್ಟಿನೆಂಟ್ ಕಮಾಂಡರ್ ಕೆವಿನ್ ಡೇವಿಸ್. ನೌಕಾಪಡೆಯ ತನಿಖಾ ವರದಿ ಬಂದದ್ದು 2008ರ ಜನವರಿಯಲ್ಲಿ. ತಿರುವಿನಲ್ಲಿ ಬಿದ್ದದ್ದು 6.8 ಜಿ, ಅದನ್ನು ತಡೆಯಲು ಹೊಟ್ಟೆಯ ಸ್ನಾಯುಗಳನ್ನು ಸಾಕಷ್ಟು ಬಿಗಿಹಿಡಿಯದೆ ಪೈಲಟ್‌ಗೆ ದಿಕ್ಕು ತಪ್ಪಿತು ಎಂದಿತು ವರದಿ. ಇಂಥ ತಿರುವುಗಳನ್ನು ಎಷ್ಟೋ ಸಲ ಮಾಡಿದ್ದ ಮನುಷ್ಯ. ವರದಿಯ ಆ ವಾಕ್ಯವನ್ನು ಓದುವಾಗ ನನ್ನ ಹೊಟ್ಟೆ ತಾನಾಗಿ ಬಿಗಿಯಾಗುತ್ತದೆ.

ಆಟದ ತೆರೆಯ ಮೇಲೆ ತೋರಿಸಲಾಗದ ಒಂದು ಸಂಗತಿ ಇದೆ. ಭಾರ ನಿಧಾನವಾಗಿ ಏರಿದರೆ ಕಣ್ಣು ಮಂಕಾಗಿ ಎಚ್ಚರಿಕೆ ಕೊಡುತ್ತದೆ. ದಿಢೀರನೆ ಏರಿದರೆ ಎಚ್ಚರಿಕೆಯೇ ಇಲ್ಲ. ಮಿದುಳಿನಲ್ಲಿ ಉಳಿದಿರುವ ಆಮ್ಲಜನಕ ನಾಲ್ಕೈದು ಸೆಕೆಂಡಿಗೆ ಸಾಕು, ಆಮೇಲೆ ನೇರ ಮೂರ್ಛೆ. ಸುಮಾರು 12 ಸೆಕೆಂಡು ಪ್ರಜ್ಞೆ ಇರುವುದಿಲ್ಲ, ಎಚ್ಚರವಾದ ಮೇಲೂ ಅಷ್ಟೇ ಹೊತ್ತು ಎಲ್ಲಿದ್ದೇನೆ, ಏನು ಮಾಡುತ್ತಿದ್ದೆ ಗೊತ್ತಾಗುವುದಿಲ್ಲ. ಗಂಟೆಗೆ 800 ಕಿ.ಮೀ. ವೇಗದ ವಿಮಾನ ಅಷ್ಟರಲ್ಲಿ ಐದು ಕಿ.ಮೀ.ಗಿಂತ ಹೆಚ್ಚು ಹೋಗಿರುತ್ತದೆ. ಇನ್ನೂ ಸೋಜಿಗವೆಂದರೆ, ತರಬೇತಿಯ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಎಚ್ಚರ ತಪ್ಪಿದ ಬಹಳ ಮಂದಿಗೆ ಎಚ್ಚರ ತಪ್ಪಿದ್ದೇ ನೆನಪಿರುವುದಿಲ್ಲ. ‘ನನಗೇನೂ ಆಗಲಿಲ್ಲ’ ಎಂದು ವಾದಿಸುತ್ತಾರೆ; ವಿಡಿಯೊ ತೋರಿಸಿದರೆ, ತಲೆ ಎದೆಯ ಮೇಲೆ ಜೋತುಬಿದ್ದದ್ದನ್ನು ನೋಡಿ ಸುಮ್ಮನಾಗುತ್ತಾರೆ.

ಇಂಥ ಯಂತ್ರ ನಮ್ಮ ಬೆಂಗಳೂರಿನಲ್ಲೂ ಇದೆ, ಎಚ್‌ಎಎಲ್ ಹಳೇ ವಿಮಾನ ನಿಲ್ದಾಣದ ರಸ್ತೆಯಲ್ಲಿ, 1957ರಲ್ಲಿ ಶುರುವಾದ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ. 1984ರಲ್ಲಿ ಬಾಹ್ಯಾಕಾಶಕ್ಕೆ ಹೋದ ರಾಕೇಶ್ ಶರ್ಮಾ ಅವರನ್ನು ಪರೀಕ್ಷಿಸಿದ್ದು ಇಲ್ಲೇ. ಗಗನಯಾನಕ್ಕೆ ಪೈಲಟ್‌ಗಳನ್ನು ಆರಿಸಿದ್ದೂ ಇಲ್ಲೇ. ಹೊರಗೆ ಮಾರತ್ತಹಳ್ಳಿ ಕಡೆಯ ಟ್ರಾಫಿಕ್ಕಿನಲ್ಲಿ ನಿಂತಲ್ಲೇ ನಿಂತ ವಾಹನಗಳು, ಗೋಡೆಯ ಆಚೆ ಗರಗರ ತಿರುಗುವ ಮನುಷ್ಯರು!

ಗಗನಯಾತ್ರಿಗಳ ಪಾಡು ಯುದ್ಧವಿಮಾನದವರಿಗಿಂತ ಒಂದು ರೀತಿಯಲ್ಲಿ ವಾಸಿ. ಅವರು ಅಂಗಾತ ಮಲಗಿ ಹೋಗುತ್ತಾರೆ. ಭಾರ ತಲೆಯಿಂದ ಕಾಲಿಗೆ ಇಳಿಯುವ ಬದಲು ಎದೆಯಿಂದ ಬೆನ್ನಿಗೆ ಬೀಳುತ್ತದೆ, ರಕ್ತಕ್ಕೆ ಹತ್ತಬೇಕಾದ ಏರು ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಈ ಒಂದು ಉಪಾಯದಿಂದಲೇ 1961ರ ಮೇ 5ರಂದು ಅಲನ್ ಶೆಪರ್ಡ್ ‘ಫ್ರೀಡಂ 7’ ನೌಕೆಯಲ್ಲಿ ಮರಳುವಾಗ 11ಕ್ಕೂ ಹೆಚ್ಚು ಜಿ ತಡೆದುಕೊಂಡರು. ಆ ಗೂಡು ಈಗ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದ ಸ್ವತ್ತು. ಒಳಗಿನ ಆಸನವನ್ನು ಅವರ ಬೆನ್ನಿನ ಅಚ್ಚು ತೆಗೆದು ಮಾಡಿದ್ದರು. ರಾಕೆಟ್ಟಿನಷ್ಟು ದೊಡ್ಡ ಸಾಹಸದ ನಡುವೆ ಒಬ್ಬನ ಬೆನ್ನಿನ ಉಬ್ಬುತಗ್ಗಿಗೆ ಇಷ್ಟು ಗಮನ. ನನಗೆ ಇಡೀ ಯೋಜನೆಯಲ್ಲಿ ಹೆಚ್ಚು ಹಿಡಿಸುವ ಸಂಗತಿ ಅದು.

2025ರ ಜೂನ್ 25ರಂದು ಬಾಹ್ಯಾಕಾಶಕ್ಕೆ ಹೊರಟು ಜುಲೈ 15ರಂದು ಮರಳಿದ ಶುಭಾಂಶು ಶುಕ್ಲಾ ಹೇಳಿದ್ದು ಇನ್ನೂ ಸ್ವಾರಸ್ಯವಾಗಿದೆ. ಭೂಮಿಗೆ ಬಂದ ಮೇಲೆ ಕೈಯಲ್ಲಿನ ಮೊಬೈಲ್ ಫೋನ್ ಭಾರ ಎನ್ನಿಸಿತಂತೆ. ಲ್ಯಾಪ್‌ಟಾಪ್ ಮುಚ್ಚಿ, ತೇಲುತ್ತದೆಂಬ ಧೈರ್ಯದಲ್ಲಿ ಹಾಸಿಗೆಯ ಪಕ್ಕಕ್ಕೆ ಬಿಟ್ಟರಂತೆ, ಅದು ಬಿತ್ತು. ಒಂದು ಜಿಯೂ ಭಾರವೇ. ಹುಟ್ಟಿದಂದಿನಿಂದ ಹೊತ್ತಿರುವುದರಿಂದ ನಮಗೆ ಲೆಕ್ಕಕ್ಕೆ ಸಿಗುತ್ತಿಲ್ಲ, ಅಷ್ಟೆ.

ಮತ್ತೆ ಆಟಕ್ಕೆ ಬರುತ್ತೇನೆ. ವಾಷಿಂಗ್ಟನ್ನಿನ ಈ ಸೀಮೆ ಇಂಥ ಆಟಗಳ ತವರುಗಳಲ್ಲಿ ಒಂದು. 1982ರಲ್ಲಿ ವಾಯುಪಡೆಯ ಪೈಲಟ್ ಆಗಿದ್ದ ಬಿಲ್ ಸ್ಟೀಲಿ ಮತ್ತು ಪ್ರೋಗ್ರಾಮರ್ ಸಿಡ್ ಮೈಯರ್ ಲಾಸ್ ವೇಗಸ್‌ನಲ್ಲಿ ‘ರೆಡ್ ಬ್ಯಾರನ್’ ಎಂಬ ವಿಮಾನದ ಆಟ ಆಡಿದರು. ಪೈಲಟ್ ಸೋತರು. ವಿಮಾನ ನಡೆಸಿ ಗೊತ್ತಿಲ್ಲದ ಮೈಯರ್ ಗೆದ್ದು, ಶತ್ರುಗಳು ಬರುವ ಕ್ರಮವನ್ನು ಗಮನಿಸಿಕೊಂಡೆ, ಇದಕ್ಕಿಂತ ಒಳ್ಳೆಯ ಆಟ ನಾನೇ ಬರೆಯಬಲ್ಲೆ ಎಂದರು. ಅದರಿಂದ ಹುಟ್ಟಿದ ಮೈಕ್ರೋಪ್ರೋಸ್ ಕಂಪನಿ ಮೇರಿಲ್ಯಾಂಡಿನ ಹಂಟ್ ವ್ಯಾಲಿಯಲ್ಲಿ ಬೆಳೆಯಿತು. ತಿರುವಿಗೆ ತೂಕವಿಲ್ಲದ ಕಡೆ ಮೈಯನ್ನು ಪಳಗಿಸಿದವನಿಗೆ ಯಾವ ಹೆಚ್ಚುಗಾರಿಕೆಯೂ ಇಲ್ಲ. ಕ್ರಮ ಕಂಡುಹಿಡಿದವನೇ ಗೆಲ್ಲುತ್ತಾನೆ. ನಲವತ್ತು ವರ್ಷ ಕಳೆದ ಮೇಲೆ, 2023ರಲ್ಲಿ, ಇದೇ ಮೇರಿಲ್ಯಾಂಡಿನ ರಾಕ್‌ವಿಲ್‌ನ ಬೆಥೆಸ್ಡಾ ಸ್ಟುಡಿಯೊ ‘ಸ್ಟಾರ್‌ಫೀಲ್ಡ್’ ಹೊರತಂದಿತು. ಅದರಲ್ಲಿ ಗ್ರಹಕ್ಕೆ ತಕ್ಕಂತೆ ಗುರುತ್ವ ಬದಲಾಗುತ್ತದೆ, ನೆಗೆತ ಹೆಚ್ಚುಕಡಿಮೆಯಾಗುತ್ತದೆ. ನೌಕೆ ಹತ್ತಿದ ಕೂಡಲೇ ಆ ಶ್ರದ್ಧೆ ಮಾಯ. ಎಷ್ಟೇ ತಿರುಗಿದರೂ ನಾಯಕನ ಕಣ್ಣು ಕತ್ತಲಾಗುವುದಿಲ್ಲ.

ಕತ್ತಲು ಕವಿದರೆ ಆಟದ ಮಜಾ ಹೋಗುತ್ತದೆ ಎನ್ನುವುದು ಹುಡುಗರ ತಕರಾರು. ಅದರಲ್ಲಿ ಹುರುಳಿಲ್ಲದಿಲ್ಲ. ದಿನವಿಡೀ ದುಡಿದು ಬಂದವರಿಗೆ ಮೂರ್ಛೆ ಹೋಗುವ ಆಟ ಯಾಕೆ ಬೇಕು? ಆದರೆ ತಿರುವಿಗೆ ಬೆಲೆ ತೆರಬೇಕಾದಾಗ ಅವರೇ ಬೇರೆ ರೀತಿ ಆಡುವುದನ್ನು ನೋಡಿದ್ದೇನೆ. ದೂರದಿಂದಲೇ ಯೋಚಿಸುತ್ತಾರೆ. ಬೇಗ ನಿಧಾನಿಸುತ್ತಾರೆ. ಎಲ್ಲಕ್ಕೂ ಸ್ಟಿಕ್ಕನ್ನು ಕೊನೆಯವರೆಗೆ ಎಳೆಯುವುದಿಲ್ಲ. ನನ್ನ ಮಟ್ಟಿಗೆ ಅದೇ ಹೆಚ್ಚು ರುಚಿಯ ಆಟ.

ಕೆರ್ಬಲ್‌ನಲ್ಲಿ ಈ ಜಿ-ಮಿತಿ ಬೇಕಾದವರು ಹಾಕಿಕೊಳ್ಳುವ ಆಯ್ಕೆ, ಸೆಟ್ಟಿಂಗ್ಸ್‌ನಲ್ಲಿ ಹುಡುಕಿದರೆ ಸಿಗುತ್ತದೆ. ನಿಮ್ಮ ಮನೆಯಲ್ಲೂ ಯಾರಾದರೂ ಅದನ್ನು ಆಡುತ್ತಿದ್ದರೆ ಇವತ್ತು ಸಂಜೆ ಅದನ್ನು ಹಾಕಿಕೊಡಿ. ಗೊಣಗುತ್ತಾರೆ, ಗೊಣಗಲಿ. ಒಂದು ವಾರ ತೆಗೆಯಬೇಡಿ.