ಕೆಮ್ಮುವ ನಾಯಿ, 13ನೆಯ ಪ್ರತಿಜ್ಞೆ

ಇಂದಿನ ಧಮ್ಮ ಚಿಂತನೆ

ಧಮ್ಮ ಬಂಧುಗಳೇ, ಇವತ್ತು ಬರೆಯುವ ಸರದಿ ನನ್ನದು. ಹೋದ ಭಾನುವಾರ ಅರ್ಧಕ್ಕೆ ನಿಲ್ಲಿಸಿದ್ದ ಅಷ್ಟಾಂಗ ಮಾರ್ಗದ ಪಾಠವನ್ನೇ ಮುಂದುವರಿಸಬೇಕಿತ್ತು. ಆದರೆ ಮೂರು ವಾರದಿಂದ ಮನಸ್ಸೆಲ್ಲ ಒಂದೇ ಕಡೆ ಇದೆ. ನಮ್ಮ ಜಿಮ್ಮಿಗೆ ಕೆಮ್ಮು. ಇವತ್ತು ಅದನ್ನೇ ಬರೆಯುತ್ತೇನೆ.

ಜಿಮ್ಮಿಗೆ 12 ವರ್ಷ. ಬಿಳಿ ಕೂದಲಿನ ಸಣ್ಣ ನಾಯಿ. ಡಾಕ್ಟರ ಚೀಟಿಯಲ್ಲಿ ಇಂಡಿಯನ್ ಸ್ಪಿಟ್ಜ್, ತ್ಯಾಗರಾಜನಗರದ ಬಾಯಲ್ಲಿ ಪಾಮೇರಿಯನ್. ರಾತ್ರಿ ಎರಡು ಗಂಟೆ ಹೊತ್ತಿಗೆ ಎದ್ದು ಕತ್ತು ಮುಂದಕ್ಕೆ ಚಾಚಿ, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಕೆಮ್ಮುತ್ತಾನೆ. ಕೊನೆಗೆ ವಾಂತಿ ಮಾಡುವವನ ಹಾಗೆ ಬಾಯಿ ತೆರೆಯುತ್ತಾನೆ, ಏನೂ ಬರುವುದಿಲ್ಲ. ಆಮೇಲೆ ತಪ್ಪು ಮಾಡಿದವನ ಹಾಗೆ ನಮ್ಮ ಕಡೆ ನೋಡುತ್ತಾನೆ. ಮೊದಲು ಮೂಳೆ ಸಿಕ್ಕಿರಬೇಕು ಅಂದುಕೊಂಡೆವು. ಆಮೇಲೆ ಧೂಳು ಅಂದುಕೊಂಡೆವು. ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿ, ಹೃದಯದ ಬಡಿತದ ಜೊತೆ ಇನ್ನೊಂದು ಸದ್ದು ಇದೆ ಎಂದರು.

ಅವರು ವಿವರಿಸಿದ್ದು ಇಷ್ಟು. ಸಣ್ಣ ಜಾತಿಯ ನಾಯಿಗಳಿಗೆ ವಯಸ್ಸಾದ ಮೇಲೆ ಹೃದಯದ ಎಡಭಾಗದ ಕವಾಟ ಸವೆದು ದಪ್ಪಗಾಗಿ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಮುಂದಕ್ಕೆ ಹೋಗಬೇಕಾದ ರಕ್ತ ಸ್ವಲ್ಪ ಸ್ವಲ್ಪ ಹಿಂದಕ್ಕೆ ಸೋರುತ್ತದೆ. ಮೇಲಿನ ಕೋಣೆ ಹಿಗ್ಗಿ ಉಸಿರಿನ ಕೊಳವೆಯನ್ನು ಒತ್ತುತ್ತದೆ, ಕೆಮ್ಮು ಬರುತ್ತದೆ. ಆದರೆ ಇದೇ ವಯಸ್ಸಿನ ಇಂಥ ನಾಯಿಗಳಲ್ಲಿ ಶ್ವಾಸನಾಳವೇ ಸಡಿಲಗೊಂಡು ಹೀಗೇ ಕೆಮ್ಮುವುದೂ ಉಂಟು. ಎಕ್ಸ್‌ರೇ, ಎಕೋ ಆಗದೆ ಹೇಳಲಾಗದು. ಅಲ್ಲಿಯವರೆಗೆ ಕತ್ತಿನ ಪಟ್ಟಿ ಬಿಚ್ಚಿ ಎದೆಗೆ ಕಟ್ಟುವ ಪಟ್ಟಿ ಹಾಕಿ, ಮನುಷ್ಯರ ಕೆಮ್ಮಿನ ಸಿರಪ್, ಜ್ವರದ ಮಾತ್ರೆ ಕೊಡಲೇಬೇಡಿ ಎಂದರು. ಸೋಮವಾರ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವುದಿದೆ.

ಎಕೋ ಎಂಬ ಮಾತು ಕಿವಿಗೆ ಬಿದ್ದದ್ದೇ ಅವ್ವ ಕೇಳಿದಳು: "ನಿಮ್ಮಪ್ಪಂಗೆ ಎದೆ ನೋವು ಬಂದಾಗ ಒಂದು ಮಾತ್ರೆಗೆ ಗತಿ ಇರ್ಲಿಲ್ಲ. ಈ ನಾಯ್ಗೆ ಎದೆ ಫೋಟೊ ತೆಗುಸ್ತೀಯ?"

ಅವ್ವ ಮಳವಳ್ಳಿ ಕಡೆಯವಳು. ಅವಳು ನೋಡಿದ ಊರಿನಲ್ಲಿ ನಾಯಿ ಗೌಡರ ಜಗಲಿಯ ಮೇಲೆ ಮಲಗುತ್ತಿತ್ತು. ಅವಳು ಅಂಗಳದ ಆಚೆ ನಿಂತು ಕೂಲಿ ಕೇಳಬೇಕಿತ್ತು. ಆದ್ದರಿಂದ ಇದನ್ನು ಮುದುಕಿಯ ಗೊಣಗಾಟ ಎಂದು ತಳ್ಳಿಹಾಕಲು ನನಗೆ ಆಗಲಿಲ್ಲ. ನಮ್ಮ ಚರಿತ್ರೆಯೇ ಆ ಪ್ರಶ್ನೆ ಕೇಳುತ್ತಿದೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದ್ದು ಯಾಕೆ? ದನ, ನಾಯಿ ಕುಡಿಯಬಹುದಾದ ನೀರನ್ನು ನಮ್ಮವರು ಕುಡಿಯುವಂತಿರಲಿಲ್ಲ. 1931ರ ಆಗಸ್ಟಿನಲ್ಲಿ ಮುಂಬಯಿಯ ಮಣಿಭವನದಲ್ಲಿ ಗಾಂಧಿಯವರನ್ನು ಭೇಟಿಯಾದಾಗಲೂ ಅವರು ಇದನ್ನೇ ಹೇಳಿದರು: ನಾಯಿ ಬೆಕ್ಕಿಗಿಂತ ಕಡೆಯಾಗಿ ನಮ್ಮನ್ನು ನಡೆಸಿಕೊಳ್ಳುವ ನಾಡನ್ನು ನನ್ನದು ಎಂದು ಹೇಗೆ ಕರೆಯಲಿ ಎಂದು. ನಾಯಿ ನಮ್ಮ ಪಾಲಿಗೆ ಬರೀ ಪ್ರಾಣಿಯಾಗಿರಲಿಲ್ಲ. ನಮ್ಮನ್ನು ಅಳೆಯುವ ಕೋಲಾಗಿತ್ತು.

ಹಾಗಿದ್ದರೆ ಆ ನಾಯಿಯನ್ನು ಮಡಿಲಲ್ಲಿ ಕೂರಿಸಿಕೊಂಡು ಕಣ್ಣೀರು ಹಾಕುವುದು ಮರೆವೇ? ಮೇಲುಜಾತಿಯ ಬಡಾವಣೆಗೆ ಬಂದು ಕಲಿತ ಷೋಕಿಯೇ? ನಾಲ್ಕು ದಿನ ಇದೇ ಯೋಚನೆ. ಆಗ ನೆನಪಾದದ್ದು ನಮ್ಮ ಬಹಳ ಮನೆಗಳಲ್ಲಿ ಇರುವ ಒಂದು ಫೋಟೊ. 1934ರ ಫೆಬ್ರುವರಿಯಲ್ಲಿ ದಾದರಿನ ರಾಜಗೃಹದಲ್ಲಿ ತೆಗೆದದ್ದು. ಬಾಬಾಸಾಹೇಬರು, ಮಾತೆ ರಮಾಬಾಯಿ, ಮಗ ಯಶವಂತ, ಅತ್ತಿಗೆ ಲಕ್ಷ್ಮೀಬಾಯಿ, ಅಣ್ಣನ ಮಗ ಮುಕುಂದ. ಜೊತೆಯಲ್ಲಿ ಟಾಬಿ ಎಂಬ ಅವರ ಮೆಚ್ಚಿನ ನಾಯಿ. ಮಹಾಡ್ ಆಗಿ ಏಳು ವರ್ಷ, ಗಾಂಧಿಯವರಿಗೆ ಆ ಮಾತು ಹೇಳಿ ಮೂರು ವರ್ಷವೂ ತುಂಬಿರಲಿಲ್ಲ. ನಾಯಿಯನ್ನು ತೋರಿಸಿ ಅವಮಾನಿಸಿದವರ ಮೇಲಿನ ಸಿಟ್ಟನ್ನು ಅವರು ನಾಯಿಯ ಮೇಲೆ ತೀರಿಸಿಕೊಳ್ಳಲಿಲ್ಲ. ಅಳತೆಗೋಲು ಹಿಡಿದ ಕೈ ಯಾರದು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳ ಸಾಲನ್ನು ಗಮನಿಸಿ. 9 ಮತ್ತು 10ನೆಯವು ಮನುಷ್ಯರೆಲ್ಲ ಸಮಾನರು, ಸಮಾನತೆಗಾಗಿ ದುಡಿಯುತ್ತೇನೆ ಎನ್ನುತ್ತವೆ. ಎಲ್ಲ ಜೀವಿಗಳ ಮೇಲೆ ದಯೆ ಇಟ್ಟು ಕಾಪಾಡುತ್ತೇನೆ ಎನ್ನುವುದು 13ನೆಯದು. ಈ ಕ್ರಮಕ್ಕೆ ಅರ್ಥ ಇದೆ ಎಂದು ನನ್ನ ಅನಿಸಿಕೆ. ಇರುವೆಗೆ ಸಕ್ಕರೆ ಹಾಕಿ ಮನುಷ್ಯನಿಗೆ ನೀರು ಕೊಡದ ದಯೆ ನಮಗೆ ಬೇಕಿಲ್ಲ. ಹಾಗೆಂದು 10ಕ್ಕೇ ನಿಂತುಬಿಡಿ ಎಂದೂ ಬಾಬಾಸಾಹೇಬರು ಹೇಳಲಿಲ್ಲ. 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಕರುಣೆ ಮನುಷ್ಯರ ಮೇಲಿನ ಪ್ರೀತಿ, ಅದೊಂದೇ ಸಾಲದು, ಜೀವಿಗಳೆಲ್ಲದರ ಮೇಲಿನ ಪ್ರೀತಿಯಾದ ಮೈತ್ರಿ ಬೇಕು ಎಂದು ವಿವರಿಸುತ್ತಾರೆ. ಅಶೋಕನ ಎರಡನೆಯ ಬಂಡೆ ಶಾಸನವೂ (ನಮ್ಮ ಗಡಿಯಾಚೆ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಅದರ ಪ್ರತಿ ಇದೆ) ಎರಡು ಬಗೆಯ ಚಿಕಿತ್ಸೆಗೆ ಏರ್ಪಾಟು ಮಾಡಿದ್ದನ್ನು ಹೇಳುತ್ತದೆ: ಮನುಷ್ಯರಿಗೆ, ಪ್ರಾಣಿಗಳಿಗೆ. ಒಬ್ಬರದ್ದು ಕಿತ್ತು ಇನ್ನೊಬ್ಬರಿಗಲ್ಲ.

ಅಪ್ಪನಿಗೆ ಮಾತ್ರೆ ಸಿಗದೆ ಹೋದದ್ದು ಯಾವುದೋ ನಾಯಿಗೆ ಎಕೋ ಮಾಡಿಸಿದ್ದರಿಂದ ಅಲ್ಲ. ಇದನ್ನು ಅವ್ವನಿಗೆ ಹೇಳಿದೆ. ಅವಳು ಒಪ್ಪಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಇನ್ನು ಉಸಿರಿನ ಲೆಕ್ಕ. ಮನೆಯಲ್ಲಿ ಇಂಥ ನಾಯಿ ಇರುವವರಿಗೆ ಉಪಯೋಗಕ್ಕೆ ಬಂದೀತು. ನಾಯಿ ಗಾಢ ನಿದ್ದೆಯಲ್ಲಿರುವಾಗ ಎದೆ ಒಮ್ಮೆ ಏರಿ ಇಳಿದರೆ ಒಂದು. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ನಿಮಿಷಕ್ಕೆ 30ರ ಒಳಗಿರಬೇಕು. ದಾಟುತ್ತಲೇ ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ವಸಡು ನೀಲಿಯಾದರೆ, ಕುಸಿದು ಬಿದ್ದರೆ ಬೆಳಗಾಗುವವರೆಗೆ ಕಾಯಬಾರದು.

ಮೊದಲ ರಾತ್ರಿ ಒಂದು ಗಂಟೆಯಲ್ಲಿ ಏಳು ಸಲ ಎಣಿಸಿದೆ. ಟಾರ್ಚ್ ಬೆಳಕಿಗೆ ಅವನಿಗೂ ನಿದ್ದೆ ಇಲ್ಲ, ನನಗೂ ಇಲ್ಲ. 24 ಬಂದರೆ ಸಮಾಧಾನ, ಅದಕ್ಕಿಂತ ಹೆಚ್ಚು ಬಂದರೆ ಎದೆ ಧಸಕ್. ಆನಾಪಾನ ಧ್ಯಾನ ಮಾಡುವವನು ಎಂದು ಹೇಳಿಕೊಳ್ಳುವ ನನಗೆ ಅಂದೇ ನಾಚಿಕೆಯಾಯಿತು. ಅಲ್ಲಿ ಉಸಿರನ್ನು ಇದ್ದ ಹಾಗೆ ನೋಡು ಎನ್ನುತ್ತಾರೆ. ಇಲ್ಲಿ ನಾನು ನೋಡುತ್ತಿರಲಿಲ್ಲ, ಒಳ್ಳೆಯ ಸಂಖ್ಯೆಗಾಗಿ ಬೇಡುತ್ತಿದ್ದೆ. ಅದು ಸತಿಯಲ್ಲ, ತಣ್ಹಾ. ಈಗ ಮಲಗುವ ಮುಂಚೆ ಒಂದೇ ಸಲ ಎಣಿಸಿ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದಿಡುತ್ತೇನೆ. ಹೆದರಿಕೆ ಹೋಗಿಲ್ಲ. ಆದರೆ ನಾಯಿಗೆ ನಿದ್ದೆಯಾದರೂ ಸಿಗುತ್ತಿದೆ.

ಹೃದಯವೇ ಎಂದು ಗೊತ್ತಾದರೂ ಎಲ್ಲ ಮುಗಿದ ಹಾಗಲ್ಲವಂತೆ. ಪಿಮೋಬೆಂಡಾನ್ ಎಂಬ ಮಾತ್ರೆ ಇದೆ, ಊಟಕ್ಕೆ ಒಂದು ಗಂಟೆ ಮುಂಚೆ ಕೊಡಬೇಕು. ಹೃದಯ ಹಿಗ್ಗಿದ್ದರೂ ಇನ್ನೂ ಸೋಲದ ನಾಯಿಗಳಿಗೆ ಇದನ್ನು ಕೊಟ್ಟಾಗ ಸೋಲು ಸುಮಾರು 15 ತಿಂಗಳು ಮುಂದಕ್ಕೆ ಹೋಯಿತು ಎಂದು 2016ರ ಎಪಿಕ್ ಅಧ್ಯಯನ ಹೇಳಿದೆ. ವಾಸಿಯಾಗುವುದಿಲ್ಲ, ಮುಂದಕ್ಕೆ ಹೋಗುತ್ತದೆ. 12 ವರ್ಷದವನಿಗೆ 15 ತಿಂಗಳು ಸಣ್ಣದೇನಲ್ಲ.

ಮುಂದೆ ಉಸಿರಿಗೇ ಒದ್ದಾಡುವ ಸ್ಥಿತಿ ಬಂದರೆ? ಸೂಜಿ ಕೊಟ್ಟು ಮಲಗಿಸುವುದು ಪಂಚಶೀಲದ ಮೊದಲ ಶೀಲಕ್ಕೆ ವಿರುದ್ಧ ಎಂದು ವಲಯದ ಹಿರಿಯರೊಬ್ಬರು ಖಂಡಿತವಾಗಿ ಹೇಳಿದರು. ಬಾಬಾಸಾಹೇಬರು ಅಹಿಂಸೆಯನ್ನು ಕುರುಡು ನಿಯಮವಾಗಿ ಅಲ್ಲ, ತತ್ವವಾಗಿ ಓದಿದರು. ಕೊಲ್ಲುವ ಇಚ್ಛೆ ಬೇರೆ, ಕೊಲ್ಲಬೇಕಾದ ಅಗತ್ಯ ಬೇರೆ ಎಂದರು. ಆ ಬೆಳಕಿನಲ್ಲಿ ನೋಡಿದರೆ ನನಗೆ ಹಿರಿಯರ ಮಾತು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಆದರೆ ಆ ಅಗತ್ಯ ಯಾರದು, ಅವನ ಸಂಕಟದ್ದೋ, ನೋಡಲಾರದ ನನ್ನದೋ? ಆ ದಿನ ಬಂದರೆ ಇದನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು.

ಕೊನೆಗೊಂದು ಸಂಗತಿ. ನಮ್ಮ ಬೀದಿಯ ಹಿರಿಯರೊಬ್ಬರು ಎಂಟು ವರ್ಷದಿಂದ ಬೆಳಗಿನ ವಾಕಿಂಗ್‌ನಲ್ಲಿ ಜಿಮ್ಮಿಯ ತಲೆ ಸವರುತ್ತಾರೆ, ಜೇಬಿನಿಂದ ಬಿಸ್ಕತ್ತು ತೆಗೆದು ಕೊಡುತ್ತಾರೆ. ನಮ್ಮ ಮನೆಯ ಗೋಡೆಯ ಮೇಲೆ ಯಾರ ಫೋಟೊ ಇದೆ ಎಂದು ಅವರಿಗೆ ಗೊತ್ತು. ಗೇಟಿನ ಒಳಗೆ ಕಾಲಿಟ್ಟಿಲ್ಲ, ಒಂದು ಲೋಟ ನೀರು ಕುಡಿದಿಲ್ಲ. ಹೋದ ಗುರುವಾರ ರಾತ್ರಿ ಕೆಮ್ಮು ನಿಲ್ಲದೆ ನಾನು ಆಟೋಗಾಗಿ ಬೀದಿಯಲ್ಲಿ ನಿಂತಿದ್ದಾಗ ಕಾರು ತೆಗೆದವರು ಅವರೇ. ಜಿಮ್ಮಿ ಅವರ ಸೀಟಿನ ಮೇಲೆಲ್ಲ ಜೊಲ್ಲು ಸುರಿಸಿದ. ಪರವಾಗಿಲ್ಲ ಬಿಡಿ ಎಂದರು. ಹಳೆಯ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತು ಎಂದು ನಾನು ಹೇಳಲಾರೆ. ಕಾರು ಹತ್ತಿದ್ದು ತಪ್ಪು ಎಂದೂ ಅನಿಸಿಲ್ಲ.

ಸೋಮವಾರ ಹೆಬ್ಬಾಳಕ್ಕೂ ತಾವೇ ಬಿಡುತ್ತೇನೆ ಎಂದಿದ್ದಾರೆ. ವಾಪಸು ಬಂದಾಗ "ಒಳಗೆ ಬನ್ನಿ ಸಾರ್, ಕಾಫಿ ಕುಡಿದು ಹೋಗಿ" ಎಂದು ಕರೆಯಬೇಕೆಂದಿದ್ದೇನೆ. ಅವ್ವನಿಗೂ ಹೇಳಿದ್ದೇನೆ. ಡಿಕಾಕ್ಷನ್ ಹಾಕಿಡ್ತೀನಿ, ಬರ್ತಾರೋ ಇಲ್ವೋ ನೋಡುವ ಅಂದಳು.

ನಿನ್ನೆ ರಾತ್ರಿಯ ಲೆಕ್ಕ 26.

ನಮೋ ಬುದ್ಧಾಯ, ಜೈ ಭೀಮ್.